ಏಳನೆಯ ಸಂಪುಟ

ಮುರೊರಾನ್ ಬಂದರಿನ ಸೈರನ್ನು ಹನ್ನೊಂದಕ್ಕೆ ಕೂಗಿ
ಸುಮ್ಮನಾದ ಮೇಲೆ
ನನ್ನ ಬಟ್ಟೆ ಒಗೆಯುವ ಅಂಗಡಿಯಲ್ಲಿ ಎಚ್ಚರವಿರುವುದು
ಆರು ಯಂತ್ರ, ನಾನು,
ಮತ್ತೆ ಕಪಾಟಿನಲ್ಲಿ
ಹದಿನಾಲ್ಕರಲ್ಲಿ ಹದಿಮೂರು ಸಂಪುಟ ಸೇಡು.

ಯಾರೋ ಬಿಟ್ಟುಹೋದ ಚಿತ್ರಕಥೆ.
ಶನಿಯ ಉಪಗ್ರಹವೊಂದರ ಮೇಲೆ ಹಿಮದ ಗಣಿ.
ಖರ್ಚು ಉಳಿಸಲು ಒಂಬತ್ತು ಮಂದಿ ಪಾಲುದಾರರು
ಒಂದು ಗುಂಡಿ ಒತ್ತಿ ಗಾಳಿ ನಿಲ್ಲಿಸಿದರು.
ನಾನ್ನೂರು ಜನ. ಉಳಿದವಳು ಮಿಹಾರು ಒಬ್ಬಳೇ,
ಸತ್ತ ತಂಗಿಯ ಶ್ವಾಸಕೋಶ ಎದೆಗೆ ಹೊಲಿಸಿಕೊಂಡು
ಒಬ್ಬೊಬ್ಬರನ್ನೇ ಹುಡುಕಿ ಹೊರಟಳು.

ಚೆನ್ನಾಗಿದೆಯಾ ಅಂತ ಗಿರಾಕಿಗಳು ಕೇಳುತ್ತಾರೆ.
ಚೆನ್ನಾಗಿದೆ. ಮೂರನೆಯದರಲ್ಲಿ
ಹನ್ನೊಂದು ಪುಟ ಒಂದೂ ಮಾತಿಲ್ಲ;
ಮಾತಿನ ಗುಳ್ಳೆಗಳಿವೆ, ಖಾಲಿ,
ಹೆಲ್ಮೆಟ್ಟಿನ ಗಾಜಿಗೆ ಕೂತ ಉಸಿರಿನ ಹಾಗೆ.
ಬಲದಿಂದ ಎಡಕ್ಕೆ ಹೋಗುತ್ತ ಹೋಗುತ್ತ
ಗುಳ್ಳೆ ಚಿಕ್ಕದಾಗಿ, ಇನ್ನೂ ಚಿಕ್ಕದಾಗಿ
ಕೊನೆಯ ಚೌಕದಲ್ಲಿ ಒಂದು ಚುಕ್ಕೆ.
ಅಲ್ಲಿ ನಾನೂ ಉಸಿರು ಬಿಗಿಹಿಡಿದಿದ್ದೆ.
ಡ್ರೈಯರು ಕೂಗಿದ್ದು ಕೇಳಲಿಲ್ಲ,
ಯಾರದೋ ಸ್ವೆಟರು ಕೂಸಿನ ಅಳತೆಗೆ ಇಳಿದಿತ್ತು.

ದೋಷವೂ ಇದೆ, ಬೇಕಾದಷ್ಟು.
ಸಾಯುವ ಮುಂಚೆ ಖಳರೆಲ್ಲ ಭಾಷಣ ಬಿಗಿಯುತ್ತಾರೆ,
ಕತ್ತಿನ ಮೇಲೆ ಕತ್ತಿಯಿದ್ದರೂ
ಷೇರುಪೇಟೆಯ ಲೆಕ್ಕ ಒಪ್ಪಿಸುತ್ತಾರೆ.
ಐದನೆಯವನು ಸತ್ತು ಮೂರು ಸಂಪುಟ ಕಳೆದ ಮೇಲೆ
ಅವಳಿ ತಮ್ಮನಂತೆ, ಬರುತ್ತಾನೆ.
ಬರೆದವನ ಕೈ ಸೋತದ್ದು ಹತ್ತರಿಂದ ಗೊತ್ತಾಗುತ್ತದೆ:
ನಕ್ಷತ್ರ ಕಡಿಮೆ, ಬರೀ ಮಸಿ;
ಮಿಹಾರುವಿನ ಗಾಯದ ಗುರುತು ಎಡಗೆನ್ನೆಯಿಂದ
ಬಲಗೆನ್ನೆಗೆ ದಾಟಿಬಿಡುತ್ತದೆ.
ಹೋಗಲಿ, ಅದನ್ನೆಲ್ಲ ಕ್ಷಮಿಸಬಹುದು.
ಕ್ಷಮಿಸಲಾಗದ್ದು ಇದು:
ಆ ಒಂಬತ್ತು ಮಂದಿಯಲ್ಲಿ ಒಬ್ಬನಿಗೂ
ತನ್ನ ಕಾಲುಚೀಲ ತಾನೇ ಒಗೆದುಕೊಳ್ಳುವ ಕರ್ಮವಿಲ್ಲ.

ಕುನಿಬೆಗೆ ಇದೆ.
ಪ್ರತಿ ಮಂಗಳವಾರ ಹನ್ನೊಂದೂವರೆಗೆ, ನೀಲಿ ಚೀಲ,
ಐದು ಅಂಗಿ, ಐದು ಜೊತೆ ಕಾಲುಚೀಲ.
ಹೆಂಡತಿ ಬಿಟ್ಟಳೋ ಸತ್ತಳೋ, ಕೇಳಿಲ್ಲ.
ಮೂರನೇ ಕುಲುಮೆಯ ಕವಾಟ ಪರೀಕ್ಷಿಸಿದೆ ಎಂದು
ಪರೀಕ್ಷಿಸದೇ ಮೊಹರು ಒತ್ತಿದ ಕೈ ಅವನದು.
ಆ ಬೆಳಗ್ಗೆ ನನ್ನವನದು ಅಲ್ಲೇ ಪಾಳಿ.
ಹತ್ತೊಂಬತ್ತು ವರ್ಷವಾಯಿತು.
ಧೂಪದ ಮುಂದೆ ಸಾಲಾಗಿ ಸೊಂಟ ಬಗ್ಗಿಸಿದವರಲ್ಲಿ
ನನಗೆ ಕಂಡದ್ದು ನೆತ್ತಿಗಳು ಮಾತ್ರ;
ನೆತ್ತಿಯಿಂದಲೇ ಗುರುತು ಹಿಡಿದೆ.
ಅವನಿಗೆ ನಾನು ಸೋಪಿನಕ್ಕ, ಅಷ್ಟೆ.

ಗುಂಡಿ ನನ್ನ ಕೈಯಲ್ಲೂ ಇದೆ: ಬಿಸಿ, ತಣ್ಣಗೆ.
ಯಂತ್ರದ ದುಂಡು ಗಾಜಿಗೆ
ಅವನ ತೋಳುಗಳು ಬಂದು ಬಂದು ಒರಗುತ್ತವೆ
ಒಳಗೆ ಯಾರೋ ಇರುವ ಹಾಗೆ.

ನವೆಂಬರಿನಲ್ಲಿ ಅವನೂ ಓದತೊಡಗಿದ.
ಆರು ಮುಗಿಸಿ, ಕನ್ನಡಕ ಹಣೆಗೇರಿಸಿ,
‘ಏಳು ಇಲ್ಲವಾ?’
‘ಕಳೆದುಹೋಗಿದೆ.’
ಗಲ್ಲಾದ ಕೆಳಗಿನ ಖಾನೆಯಲ್ಲಿದೆ,
ಸೋಪಿನ ಪೊಟ್ಟಣಗಳಡಿ, ನಾನೇ ಇಟ್ಟದ್ದು.
ಅದರಲ್ಲಿ ಆರನೆಯವನು ಭಾಷಣ ಮಾಡುವುದಿಲ್ಲ.
ತಪ್ಪಾಯಿತು ಅನ್ನುತ್ತಾನೆ, ಒಂದೇ ಸಲ.
ಆಮೇಲೆ ಎರಡು ಪುಟ ಮಿಹಾರುವಿಗೆ
ತನ್ನ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯುವುದಿಲ್ಲ.
ಮುಂದೇನಾಯಿತೆಂದು ನನಗೆ ಗೊತ್ತು.
ಗೊತ್ತಿದ್ದೂ ಪ್ರತಿಸಲ ಅಲ್ಲಿಗೇ ಮುಚ್ಚುತ್ತೇನೆ.

‘ಪರವಾಗಿಲ್ಲ ಬಿಡಿ, ಕೊಂದೇ ಇರುತ್ತಾಳೆ,’
ಅಂತ ನಕ್ಕು ಎಂಟಕ್ಕೆ ಕೈ ಹಾಕಿದ.
ನನ್ನ ಸೇಡಿನ ಗುಣವೆಂದರೆ ಖರ್ಚಿಲ್ಲ, ನೆತ್ತರಿಲ್ಲ.
ದೋಷ, ಅದು ನಡೆದದ್ದೇ ಅವನಿಗೆ ತಿಳಿಯಲಿಲ್ಲ.

ಅವನು ಹೋದ ಮೇಲೆ ಡ್ರೈಯರಿನ ತಳದಲ್ಲಿ
ಒಂಟಿ ಕಾಲುಚೀಲ, ಬೂದಿ ಬಣ್ಣ,
ಹಿಮ್ಮಡಿ ಸವೆದು ಜಾಲರಿಯಾದದ್ದು, ಇನ್ನೂ ಬಿಸಿ.
ಮಡಿಚಿ ಏಳನೆಯದರೊಳಗೆ ಇಟ್ಟಿದ್ದೇನೆ,
ಆ ಎರಡು ಪುಟಗಳ ನಡುವೆ,
ಎಲ್ಲಿಯವರೆಗೆ ಓದಿದೆನೆಂಬ ಗುರುತಿಗೆ.