ಮೂರು ಗಂಟೆ ಇಪ್ಪತ್ತು

ಹಳದಿ ಫಲಕದ ಮೇಲಿನ ಈ ಮೂರು ಗಂಟೆ ಇಪ್ಪತ್ತು ನಿಮಿಷ
ಸರ್ಕಾರದ್ದಲ್ಲ,
ಇಲಾರಿಯೋನ ಕಾಲಿನದು.
ನಲವತ್ತೊಂದರ ಹರೆಯ, ಆಗಸ್ಟಿನ ಒಂದು ಬೆಳಗ್ಗೆ
ಅವನು ನಡೆದ, ಪುರಸಭೆ ಬರೆದುಕೊಂಡಿತು.
ಕೆಳಗೆ 'ಸಾಧಾರಣ' ಎಂದು ಸೇರಿಸಿದವನು ಗುಮಾಸ್ತ;
ಅವನು ಹತ್ತಿದವನಲ್ಲ.

ಇವತ್ತು ಇಲಾರಿಯೋನ ಹಿಂದೆ ನಾನು, ಬೇಸಿಗೆಯ ಕೂಲಿಯವಳು,
ಬಣ್ಣದ ಡಬ್ಬಿ, ಎರಡು ಕುಂಚ, ಒಂದು ಸ್ಕ್ರೂಡ್ರೈವರ್.
ಹಿಮ ನೆಕ್ಕಿಹೋದ ಬಾಣಗಳನ್ನೆಲ್ಲ
ಬಂಡೆ ಬಂಡೆಗೂ ತಿದ್ದಬೇಕು.
ಲಾರ್ಚ್ ಮರಗಳ ನಡುವೆ ಮೊದಲ ಮುಕ್ಕಾಲು ಗಂಟೆ ಬರೀ ಏರು,
ಮಾತಿಗೆ ಉಸಿರು ಸಾಲದು.
ಆಮೇಲೆ ಒಮ್ಮೆಗೇ ಕಾಡು ಕೈಬಿಡುತ್ತದೆ,
ದಾರಿ ಬೆಟ್ಟದ ಎದೆಗೆ ಅಡ್ಡಲಾಗಿ ಚಾಚಿಕೊಳ್ಳುತ್ತದೆ
ಕಟಾಂಜನವಿಲ್ಲದ ಉಪ್ಪರಿಗೆಯ ಮೊಗಸಾಲೆ:
ಒಂದು ಕಡೆ ಗೋಡೆ,
ಇನ್ನೊಂದು ಕಡೆ ಏನೂ ಇಲ್ಲ.

ಕೆಳಗೆ ಕಣಿವೆ. ಬೆಂಕಿಪೊಟ್ಟಣದಷ್ಟು ಬಸ್ಸು
ತಿರುವಿನಲ್ಲಿ ಹೊಡೆದ ಹಾರನ್ ಇಲ್ಲಿಗೆ ಹತ್ತಿ ಬರುವಷ್ಟರಲ್ಲಿ
ಬಸ್ಸು ಇನ್ನೊಂದು ತಿರುವಿನಲ್ಲಿರುತ್ತದೆ.
ಎದುರಿಗೆ ಹಿಮನದಿ. "ಆಗ ಆ ಕೆಂಪು ಬಂಡೆಯ ತನಕ ಇತ್ತು,"
ಕೋಲು ಚಾಚಿದ. ನಾನು ಬಂಡೆ ಹುಡುಕುತ್ತಿದ್ದೆ,
ಅವನು ಲೇಸು ಕಟ್ಟುವ ನೆಪದಲ್ಲಿ ಕೂತ.
ಲೇಸು ಬಿಗಿಯಾಗೇ ಇತ್ತು.

ಸರಪಳಿ ಹಿಡಿದು ದಾಟುವ ತೊರೆಯ ಬಳಿ
ಡೆನ್ಮಾರ್ಕಿನ ದಂಪತಿ, ಬೆವರಿ ಟೊಮೇಟೊ ಆಗಿದ್ದರು:
"ಆ ಬೋರ್ಡು ಸುಳ್ಳು! ನಮಗಾಗಲೇ ನಾಲ್ಕು ಗಂಟೆ!"
ಇಲಾರಿಯೋ ಟೋಪಿ ತೆಗೆದು ಕ್ಷಮೆ ಕೇಳಿದ.
ಮೊಣಕಾಲೊಳಗಿನ ಟೈಟಾನಿಯಮ್ಮಿನ ಮಾತೆತ್ತಲಿಲ್ಲ.
ಇಬ್ಬರಿಗೂ ಒಂದೊಂದು ಏಪ್ರಿಕಾಟ್ ಕೊಟ್ಟ.

ಅವರು ಮರೆಯಾದ ಮೇಲೆ ಕೇಳಿದೆ,
ಮೂರು ಗಂಟೆ ಸರಿ, ಆ ಇಪ್ಪತ್ತು ಯಾಕೆ?
ಮಾರ್ಮಟ್ ಒಂದು ಸಿಳ್ಳೆ ಹಾಕಿ ಬಿಲಕ್ಕಿಳಿಯಿತು.
"ಅದು ಡೆಲ್ಫೀನಾ ನೀಲಿ ಹಣ್ಣು ಆರಿಸಲು ಬಗ್ಗಿದ್ದು.
ಹೋಗೋಣ ಬಾರೇ ಅಂದರೆ ಬಾಯಿ ತುಂಬ ನೀಲಿ,
ಉತ್ತರವೇ ಇಲ್ಲ.
ಅದನ್ನೂ ಬರೆಸಿದೆ. ನಡಿಗೆಯೇ ತಾನೆ ಅದೂ?"

ಕೊನೆಯ ಫಲಕ ತಲುಪಿದಾಗ ನನ್ನ ವಾಚಿನಲ್ಲಿ
ಐದು ಗಂಟೆ ಐವತ್ತು.
ಪುರಸಭೆ ಕೊಟ್ಟ ಹೊಸ ತಗಡು ಚೀಲದಿಂದ ತೆಗೆದೆ, ಖಾಲಿ, ಹೊಳೆಯುವಂಥದು.
ಎಷ್ಟು ಬರೆಯಲಿ?
"ನಿನ್ನ ಕಾಲಿನದು ಬರಿ."
ನನ್ನ ಕಾಲಿನದು ನನಗೇನು ಗೊತ್ತು,
ಇಡೀ ದಿನ ಅವನ ಹಿಮ್ಮಡಿ ನೋಡಿ ಕಾಲಿಟ್ಟವಳು.
"ಹಾಗಾದರೆ ನಾಳೆ ಒಬ್ಬಳೇ ಬಾ.
ಗಂಟೆ ಎಷ್ಟಾದರೂ ಹಾಕಿಕೋ,
ಇಪ್ಪತ್ತನ್ನು ಮಾತ್ರ ಮುಟ್ಟಬೇಡ."

ಇಳಿಯುವ ಬಸ್ಸಿನಲ್ಲಿ ಅವನಿಗೆ ನಿದ್ದೆ ಹತ್ತಿತು.
ನನ್ನ ಹೆಬ್ಬೆರಳಿನ ಹಳದಿ
ಟಿಕೇಟಿಗೂ ಅಂಟಿತು.