ಮೂವತ್ಮೂರೂವರೆ

ತಾಯಿಗೆ ಕೊಡುವ ಚೀಟಿಯನ್ನು ಕನ್ನಡದಲ್ಲೇ ಬರೆಯಿರಿ ಸಿಸ್ಟರ್
ಅಂದರು ಡಾಕ್ಟರ್. ಬರೆದೆ: ಮಿದುಳಿನಲ್ಲಿ ಉರಿಯೂತ.
ಬರೆದ ಮೇಲೆ ಪೆನ್ನು ಸ್ವಲ್ಪ ನಿಂತಿತು.
ಉರಿ ಒಂದು, ಊತ ಒಂದು.
ಎರಡನ್ನೂ ಕೂಡಿಸಿ ಹೆಸರಿಟ್ಟವರು ಯಾರೋ,
ಇಷ್ಟು ಚಿಕ್ಕ ತಲೆಯನ್ನು ನೆನೆದಿರಲಾರರು.

ಮಡಿಕೇರಿ, ಬೆಳಗಿನ ಜಾವ ನಾಲ್ಕು.
ಕಿಟಕಿಯಾಚೆ ಹನ್ನೆರಡು ಡಿಗ್ರಿ.
ಹಾಸಿಗೆಯ ಮೇಲೆ ಬೊಳ್ಳಿಯ ಮಗ, ಮೂವತ್ಮೂರೂವರೆ.
ಟೋಪಿಯಿಲ್ಲ, ಸಾಕ್ಸಿಲ್ಲ, ಕಂಬಳಿಯಿಲ್ಲ.
ಹದಿನೇಳು ವರ್ಷ ಊರೂರಿನ ತಾಯಂದಿರಿಗೆ
‘ಬೆಚ್ಚಗಿಡಿ, ಬೆಚ್ಚಗಿಡಿ’ ಎಂದು ಗಂಟಲು ಹರಿದುಕೊಂಡವಳು
ಈಗ ಕೈಯಾರೆ ಒಂದು ಮಗುವನ್ನು ತಣಿಸುತ್ತ ಕೂತಿದ್ದೇನೆ,
ಎಪ್ಪತ್ತೆರಡು ಗಂಟೆ,
ಅರ್ಧ ಡಿಗ್ರಿ ಏರಿದರೂ ಎದ್ದು ನಿಲ್ಲುತ್ತೇನೆ.

ಆ ರಾತ್ರಿ ಮಾಲ್ದಾರೆ ತಿರುವಿನಲ್ಲಿ ಆನೆ ದಾಟುತ್ತಿದ್ದವು.
ಡ್ರೈವರ್ ದೀಪ ಆರಿಸಿದ.
‘ಹನ್ನೊಂದು’ ಅಂದನಂತೆ ಚುಬ್ರ, ಕತ್ತಲಲ್ಲೇ.
ಅವನ ಕೆಲಸವೇ ಅದು, ಎಣಿಸುವುದು, ಓಡಿಸುವುದು,
ಅರಣ್ಯ ಇಲಾಖೆಯ ದಿನಗೂಲಿ.
ಅವನು ಹೊರಗೆ ಎಣಿಸುತ್ತಿದ್ದಾಗ
ಒಳಗೆ ಬೊಳ್ಳಿಯ ಹೊಟ್ಟೆಯಲ್ಲಿ
ಮಗು ಉಸಿರಿಗೆ ತಡಕಾಡುತ್ತಿತ್ತು.

ಹುಟ್ಟಿದಾಗ ಅಳಲಿಲ್ಲ. ಆಮೇಲೆ ಚೀಲ ಒತ್ತಿ ಒತ್ತಿ
ಗಾಳಿ ಒಳಗೆ ಹೋಯಿತು, ಎದೆ ಬಡಿಯಿತು, ಮೈ ಕೆಂಪಾಯಿತು.
ಎಲ್ಲರೂ ಉಸ್ಸೆಂದೆವು.
ಹಾನಿ ಶುರುವಾಗುವುದು ಆ ಉಸ್ಸಿನ ನಂತರವೂ
ಎಂದು ನನಗೆ ತಿಳಿದದ್ದು ತಡವಾಗಿ.

ಮಿದುಳಿನೊಳಗೆ ಕಾವಲಿನ ಕಣಗಳಿವೆಯಂತೆ.
ನಿನ್ನೆಯವರೆಗೆ ಬೊಳ್ಳಿ ತೋಟದಲ್ಲಿ ಮಾಡುವ ಕೆಲಸವೇ ಅವಕ್ಕೂ,
ಹೆಚ್ಚಾದ ಚಿಗುರು ತೆಗೆಯುವುದು, ಕಸ ಎತ್ತುವುದು,
ಬೇರಿನಂಥ ಸಣ್ಣ ಕೈ ಚಾಚಿ ಅಕ್ಕಪಕ್ಕ ಮುಟ್ಟಿ ನೋಡುವುದು.
ಉಸಿರು ತಪ್ಪಿದ ಹೊತ್ತಲ್ಲಿ
ಆ ಕೈಗಳನ್ನು ಒಳಗೆಳೆದುಕೊಂಡು ಉಂಡೆಯಾಗುತ್ತವೆ,
ಕೂಗು ಹಾಕುತ್ತವೆ, ರಕ್ತದಿಂದ ಇನ್ನಷ್ಟು ಜನರನ್ನು ಕರೆಯುತ್ತವೆ.
ಬೇಲಿಯೇ ಎದ್ದು ಹೊಲ ಮೇಯಿತು ಅನ್ನಬಹುದಿತ್ತು.
ಆದರೆ ಆ ಬೇಲಿಗೆ ಹಸಿವಿತ್ತು.
ಇವಕ್ಕೆ ಬರೀ ಗಾಬರಿ.

ಡಾಕ್ಟರ್ ಹೇಳುತ್ತಿದ್ದರು, ಚುಬ್ರ ನೆಲ ನೋಡುತ್ತಿದ್ದ.
ಅರ್ಥವಾಗಲಿಲ್ಲವೇನೋ ಅಂದುಕೊಂಡೆ.
‘ಆನೆ ಹೋದ್ಮೇಲೂ ನಾವು ಓಡ್ತೇವೆ ಮೇಡಂ,
ಪಟಾಕಿ ಮುಗಿಯೋ ತನಕ.
ಬೆಳಿಗ್ಗೆ ನೋಡಿದ್ರೆ
ಆನೆ ಮುರಿದ ಕಾಫಿ ಗಿಡ ನಾಲ್ಕು,
ನಾವು ತುಳಿದದ್ದು ನಲವತ್ತು.’
ಡಾಕ್ಟರ್ ಕನ್ನಡಕ ತೆಗೆದು ಒರೆಸಿಕೊಂಡರು.
ಅದಕ್ಕಿಂತ ಚೆನ್ನಾಗಿ ಅವರಿಗೂ ಹೇಳಲು ಬರುತ್ತಿರಲಿಲ್ಲ.

ಬೊಳ್ಳಿಯನ್ನು ನಾನು ಕೇಳಿದೆ, ಮೊದಲೇ ಜ್ವರ ಇತ್ತಾ?
ಬಾಯಿ ಬಿಡಲಿಲ್ಲ. ಸಂಜೆ, ಹಾಲು ಹಿಂಡಿಕೊಳ್ಳುವಾಗ,
‘ಮೆಣಸು ಕೊಯ್ಲಿತ್ತಲ್ಲ ಅಕ್ಕ,
ಮೈ ಬಿಸಿ ಬಿಸಿಲಿಂದ ಅಂದ್ಕೊಂಡೆ.’
ನಾನು ಅದನ್ನು ಬರೆದುಕೊಂಡೆ.
ಅವಳೆದುರು ಬರೆಯಬಾರದಿತ್ತು.
ಮೊದಲೇ ಸೋಂಕಿದ್ದರೆ ತಂಪು ಎಷ್ಟು ಕೆಲಸ ಮಾಡುತ್ತದೋ
ಯಾರಿಗೂ ಸರಿಯಾಗಿ ಗೊತ್ತಿಲ್ಲ,
ಎಂದರು ಡಾಕ್ಟರ್, ನನಗೆ ಮಾತ್ರ ಕೇಳುವ ಹಾಗೆ.

ಮೂರನೆಯ ರಾತ್ರಿ ಕಾವು ಕೊಡಲು ಶುರು.
ಗಂಟೆಗೆ ಅರ್ಧ ಡಿಗ್ರಿ, ಅದಕ್ಕಿಂತ ಅವಸರವಿಲ್ಲ.
ಮೂವತ್ನಾಲ್ಕು. ಮೂವತ್ತೈದು.
ಮೂವತ್ತಾರಕ್ಕೆ ಎಡಗೈ ಸಣ್ಣಗೆ ಜಗ್ಗತೊಡಗಿತು,
ಬಾಯಿ ಏನನ್ನೋ ಅಗಿಯುವ ಹಾಗೆ.
ಫಿಟ್ಸ್.
ಸಿರಿಂಜಿಗೆ ಮದ್ದು ಎಳೆಯುವಾಗ ನನ್ನ ಕೈಯೂ ನಡುಗಿತು,
ಚಳಿಗೆ ಎಂದುಕೊಳ್ಳೋಣ.

ಏಳನೆಯ ದಿನ ಮೊಲೆ ಕಚ್ಚಿದ.
ಎರಡು ಸಲ ಚೀಪಿ ಮರೆತ, ಮತ್ತೆ ನೆನಪಾಯಿತು, ಚೀಪಿದ.
ಎಡ ಮುಷ್ಟಿ ಮಾತ್ರ ಬಿಗಿಯಾಗಿಯೇ ಇದೆ,
ಹೆಬ್ಬೆರಳು ಒಳಗೆ.
‘ಒಳಗಿನ ಬೆಂಕಿ ಆರಿತಾ ಅಕ್ಕ?’
ತಣ್ಣಗಾಗಿದೆ, ಅಂದೆ. ಎರಡೂ ಒಂದೇ ಅಲ್ಲ
ಎಂಬುದು ಅವಳಿಗೂ ಗೊತ್ತಿದ್ದಂತೆ ಕಂಡಿತು.
ಮೂರು ತಿಂಗಳಿಗೆ ಬನ್ನಿ. ಆಮೇಲೆ ಆರಕ್ಕೆ.
ಕುತ್ತಿಗೆ ನಿಲ್ಲುತ್ತದೋ ನೋಡೋಣ.

ಮೊದಲ ರಾತ್ರಿ ವಾರ್ಡಿನ ಬಾಗಿಲಲ್ಲಿ
ಚುಬ್ರನ ಜೇಬಿಂದ ಎರಡು ಆನೆಪಟಾಕಿ ತೆಗೆಸಿ
ಡ್ರಾದಲ್ಲಿ ಇಟ್ಟಿದ್ದೆ. ಹೋಗುವಾಗ ಚಾಚಿದೆ.
ಮಗುವನ್ನು ಎತ್ತಿಕೊಂಡಿದ್ದ, ಕೈ ಖಾಲಿಯಿರಲಿಲ್ಲ,
ಇಲ್ಲವೇ ಬೇಡವೆನಿಸಿತೋ.
ಅವು ಅಲ್ಲೇ ಇವೆ, ಹತ್ತಿಯ ಪಕ್ಕ, ಥರ್ಮಾಮೀಟರಿನ ಪಕ್ಕ.
ರಾತ್ರಿ ಡ್ರಾ ಎಳೆದಾಗ ಮೂಗಿಗೆ ಬಡಿಯುತ್ತದೆ
ಮದ್ದಿನ ವಾಸನೆ,
ಯಾವ ಮದ್ದಿನದೋ.