ಕಾರ್ಡಿನ ಬೆನ್ನು

ಹೊಸಾ ಬೂಟ್ ಹಾಕ್ಕೊಂಡು ಬರಬ್ಯಾಡ, ರೇಷ್ಮಾ.
ಮೂರು ದಿನಾ ಸಿಮೆಂಟ್ ನೆಲಾ ಅದು,
ನಮ್ಮ ಫೌಂಡ್ರಿ ಉಸುಕಲ್ಲ.
ಎಂಟಕ್ಕ ಮನಿ ಬಿಡು.
ತಿಲಕವಾಡಿ ಎರಡನೇ ಗೇಟಿನ್ಯಾಗ ರೈಲು ಸಿಕ್ಕರ
ಉದ್ಯಮಬಾಗ ಮುಟ್ಟೂದರಾಗ ಹತ್ತು.

ಬಾಗಲದಾಗ ಕೊಡೋ ಚೀಲ ತಗೋ,
ಅದರಾಗ ತುಂಬೋ ಕಾಗದ ಬ್ಯಾಡ.
ಮಧ್ಯಾಹ್ನಕ್ಕ ಭುಜ ಹರೀತೈತಿ,
ಸಂಜೀಕ ಯಾವುದು ಯಾರದಂತ ನೆನಪಿರೂದಿಲ್ಲ.

ಮುಂದಿನ ಸಾಲಿನ್ಯಾಗ ರೋಬೋ ಕುಣೀತಿರತೈತಿ,
ಮಂದಿ ಫೋನ್ ಎತ್ತಿ ನಿಂತಿರತಾರ.
ನೀ ಕಡೀ ಸಾಲಿಗೆ ಹೋಗು.
ಶೌಚಾಲಯದ ಬಾಜೂಕ, ಅಗ್ಗದ ಜಾಗಾದಾಗ
ಒಬ್ಬವ ಕುರ್ಚಿ ಬಿಟ್ಟೇಳದ ಕೂತಿರತಾನ.
ಅವನ ಪಂಪಿನ ಮೈ ಮುಟ್ಟು,
ಉಗುರಲೆ ಕೆರಿ.
ಗಾಳಿಗುಳ್ಳಿ ಇದ್ರ ಉಗುರು ಹೇಳತೈತಿ,
ಬಣ್ಣ ಹೇಳೂದಿಲ್ಲ.

ಊಟದ ಪಾಳೇದಾಗ ನಿಂದರಬ್ಯಾಡ, ಡಬ್ಬಿ ತಾ.
ಮಾಲಕರು ಒಬ್ಬರ ಸಿಗೂದು ಆವಾಗನ.
ರೇಟ್ ಕೇಳಿದ್ರ ನೀ ತೂಕಾ ಕೇಳು.

ಕಾರ್ಡ್ ಕೊಟ್ಟವರು ಮಾರಿ ತಿರುಗಿಸಿದ ಕೂಡಲೆ
ಬೆನ್ನಿಗೆ ಬರಕೋ, ನಿಂತಲ್ಲೇ:
‘ಎಡಚ. ಕೊಲ್ಲಾಪುರ. ಮಗಳ ಮದವಿ ಮೇದಾಗ.
ವಾಲ್ವ್ ನಾಕನೂರು.’

ಹೋದ ಸಲ ಒಬ್ಬರ ಟೇಬಲ್ ಮ್ಯಾಲ
ನನ್ನ ಕಾರ್ಡ್ ಬೋರಲ ಬಿದ್ದಿತ್ತು.
ಓದಬಾರದಿತ್ತು. ಓದಿದೆ:
‘ಉಪಾಧ್ಯೆ. ಕುಂದಾ ತಂದಿದ್ದ. ಮಾತು ಭಾಳ.
ಎರಕ ಖರೆ.’

ಆ ಕಡೀ ಎರಡು ಶಬ್ದಕ್ಕ
ಇಪ್ಪತ್ತೆರಡು ವರ್ಷ ಭಟ್ಟಿ ಮುಂದ ನಿಂತೀನಿ.
ಅದರ ಹಿಂದಿನ ಎರಡಕ್ಕ
ಇನ್ನೂ ಸಿಟ್ಟೈತಿ.

ಈ ಸಲ ಹಿಂಗ ಮಾಡೂಣು:
ಕುಂದಾ ನಾ ತರತೀನಿ,
ಮಾತು ನೀ ಆಡು.